ಒಂದು ವಿಶೇಷಣದ ಔಚಿತ್ಯ

ವೈದ್ಯಶಾಸ್ತ್ರದ ಲೇಖನಗಳಲ್ಲಿ ಸಾಹಿತ್ಯವಿಮರ್ಶಕನಿಗೆ ಕಾರ್ಯವಿಲ್ಲವೆಂಬ ಅಭಿಪ್ರಾಯವು ಬಲವಾಗಿ ಬೇರೂರಿದೆ. ಆದರೆ ಶಬ್ದವಿರುವೆಡೆಯಲ್ಲೆಲ್ಲ ಔಚಿತ್ಯವಿಚಾರಕ್ಕೆ ಅವಕಾಶವುಂಟು. ೧೯೪೮ನೆಯ ಇಸವಿ ಜೂನ್ ೩ರಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬೋಸ್ಟನ್ ನಗರದ ಸಿಡ್ನಿ ಫಾರ್ಬರರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಲೇಖನವೇ ಇದಕ್ಕೆ ನಿದರ್ಶನವು.

ಮಕ್ಕಳ ತೀವ್ರ ರಕ್ತಾರ್ಬುದದಲ್ಲಿ ಅಮಿನಾಪ್ಟೆರಿನ್ ಎಂಬ ಔಷಧದ ಪ್ರಭಾವವೇ ಅದರ ವಸ್ತು. ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟಾಗ ಮಜ್ಜೆಯಲ್ಲಿ ರೋಗವು ವೇಗಗೊಂಡುದನ್ನು ಕಂಡು, ಆ ಆಮ್ಲಕ್ಕೆ ವಿರೋಧಿಯಾದ ದ್ರವ್ಯವು ರೋಗವನ್ನು ತಡೆಯಬಹುದೆಂದು ಅವರು ಊಹಿಸಿದರು. ಅದನ್ನು ಒದಗಿಸಿದವರು ಲೆಡರ್ಲೆ ಪ್ರಯೋಗಶಾಲೆಯಲ್ಲಿದ್ದ, ಆಂಧ್ರದೇಶದಲ್ಲಿ ಜನಿಸಿದ, ಯಲ್ಲಾಪ್ರಗಡ ಸುಬ್ಬರಾವ್ ಅವರ ಬಳಗದವರು. ೧೬ ಮಕ್ಕಳ ಪೈಕಿ ೧೦ ಮಂದಿಯಲ್ಲಿ ರೋಗವು ಇಳಿಮುಖವಾಯಿತು.

ಅದುವರೆಗೆ ಆ ವ್ಯಾಧಿಗೆ ನೆಚ್ಚತಕ್ಕ ಔಷಧವೇ ಇರಲಿಲ್ಲ. ಜಯಘೋಷಕ್ಕೆ ತಕ್ಕ ಇಂತಹ ಸ್ಥಳದಲ್ಲಿ ಶೀರ್ಷಿಕೆಯ ಮೊದಲನೆಯ ಪದವೇ ‘ತಾತ್ಕಾಲಿಕ’ವೆಂಬುದು. ಕ್ಷೇಮೇಂದ್ರನು ಔಚಿತ್ಯಸ್ಥಾನಗಳಲ್ಲಿ ವಿಶೇಷಣವನ್ನೂ ಎಣಿಸಿರುವನು. ಸಾಮಾನ್ಯವಾಗಿ ವಿಶೇಷಣವು ವಿಶೇಷ್ಯವನ್ನು ಬೆಳಗಿಸುವುದು. ಇಲ್ಲಿಯಾದರೋ ಅದು ವಿಶೇಷ್ಯವನ್ನು ಮೇರೆಮೀರದಂತೆ ಹಿಡಿದು ನಿಲ್ಲಿಸುತ್ತದೆ. ಕೊನೆಯಲ್ಲಿಯೂ ಔಷಧವು ವಿಷಕಾರಿಯೆಂದೂ, ರೋಗವು ಗುಣವಾಯಿತೆಂಬ ಮಾತಿಗೆ ಆಧಾರವಿಲ್ಲವೆಂದೂ ಒತ್ತಿಹೇಳಿರುವುದರಿಂದ ಉಪಕ್ರಮೋಪಸಂಹಾರಗಳಿಗೆ ಏಕವಾಕ್ಯತೆಯು ಸಿದ್ಧಿಸಿದೆ. ಲೇಖನವು ನಿರ್ದುಷ್ಟವೆಂದಲ್ಲ. ವಿಸ್ತಾರವಾದ ವೃತ್ತಾಂತವು ೫ ಮಕ್ಕಳದು ಮಾತ್ರ; ಫಲ ಕಾಣದ ೬ ಮಂದಿಯ ವಿಷಯವು ಸಂಕ್ಷೇಪದಲ್ಲಿ ಮುಗಿದುಹೋಗಿದೆ.

ಈ ವಿಚಾರವು ಕನ್ನಡದ ಲೇಖಕರಿಗೂ ಸಂಬಂಧಿಸಿದುದು. ಶೀರ್ಷಿಕೆಯ ‘ರೆಮಿಷನ್’ ಎಂಬ ವಿಶೇಷ್ಯವನ್ನು ‘ಗುಣ’ವೆಂದು ಭಾಷಾಂತರಿಸಿದರೆ, ರೋಗಪೀಡಿತ ಶಿಶುವಿನ ತಾಯಿತಂದೆಗಳಿಗೆ ಇಲ್ಲದ ಭರವಸೆಯನ್ನು ಕೊಟ್ಟಂತಾಗುವುದು. ಚರಕಸಂಹಿತೆಯ ‘ಯಾಪ್ಯ’ವೂ ಸಲ್ಲದು. ಅದು ಚಿಕಿತ್ಸೆ ನಡೆಯುವಷ್ಟು ಕಾಲ ಅಡಗಿರುವ ರೋಗದ ಭೇದವನ್ನು ಹೇಳುವುದೇ ಹೊರತು ರೋಗಿಯ ಅವಸ್ಥೆಯನ್ನಲ್ಲ. ಮೇಲಾಗಿ ಈ ರೋಗವು ಚಿಕಿತ್ಸೆಯ ನಡುವೆಯೂ ಮರುಕಳಿಸಬಲ್ಲುದು. ಆದುದರಿಂದ ‘ಉಪಶಮ’ವೆಂಬುದೇ ಯುಕ್ತವಾದ ಪದವು. ಅದು ಶಾಂತಿಯನ್ನು ಹೇಳುವುದು, ನಾಶವನ್ನು ಹೇಳದು.

೧೯೬೦ರ ದಶಕದಿಂದ ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವು ಬೆಳೆದು, ತೀವ್ರ ಲಿಂಫೋಬ್ಲಾಸ್ಟಿಕ್ ರಕ್ತಾರ್ಬುದವುಳ್ಳ ಮಕ್ಕಳಲ್ಲಿ ಧನಿಕ ರಾಷ್ಟ್ರಗಳಲ್ಲಿ ನೂರಕ್ಕೆ ಸುಮಾರು ೯೦ ಮಂದಿ ಇಂದು ಐದು ವರ್ಷಗಳನ್ನು ಮೀರಿ ಬದುಕುತ್ತಿರುವರು. ಅಮಿನಾಪ್ಟೆರಿನ್ನಿನ ಸಜಾತೀಯವಾದ ಮೆಥೊಟ್ರೆಕ್ಸೇಟ್ ಈಗಲೂ ಆ ಔಷಧಗಳಲ್ಲೊಂದು. ಸಾಕಾಂಕ್ಷವಾದ ವಾಕ್ಯವು ಮುಂದಿನ ಪದವನ್ನು ಬೇಡುವಂತೆ ‘ತಾತ್ಕಾಲಿಕ’ವೆಂಬ ಪದವು ಮುಂದಿನ ಶೋಧನೆಯನ್ನು ಬೇಡಿತು. ಇಲ್ಲಿ ಸತ್ಯವೂ ಔಚಿತ್ಯವೂ ಬೇರೆಯಲ್ಲ.