ಒಂದೂ ಗುಂಡು ಹಾರಿಸದವ ಗೆದ್ದ

1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನ್ನಿಕರ್ ಎಂಬ ಊರಿನ ಕಾಡಿಗೆ 12 ಮಂದಿ ಬಣ್ಣದ ಗುಂಡಿನ ಪಿಸ್ತೂಲು ಹಿಡಿದು ಇಳಿದರು. ಕಾರಣ ಒಂದು ವಾದ. ಪೇಟೆಯಲ್ಲಿ ಷೇರು ವ್ಯಾಪಾರ ಮಾಡಿ ಪಳಗಿದವನನ್ನು ಕಾಡಿಗೆ ಬಿಟ್ಟರೆ ಅಲ್ಲೂ ಗೆದ್ದು ಬರುತ್ತಾನೋ, ಇಲ್ಲ ಕಾಡು ಬಲ್ಲವನದೇ ಮೇಲುಗೈಯೋ? ಲೇಖಕ ಚಾರ್ಲ್ಸ್ ಗೇನ್ಸ್ ಮತ್ತು ಷೇರು ವ್ಯಾಪಾರಿ ಹೇಯ್ಸ್ ನೋಯಲ್ ನಡುವೆ ಈ ವಾದ ಬಹಳ ದಿನದಿಂದ ನಡೆದಿತ್ತು. ಬಾಬ್ ಗರ್ನ್‌ಸಿ ಎಂಬ ಗೆಳೆಯ ಆಟಕ್ಕೆ ನಿಯಮ ಕಟ್ಟಿಕೊಟ್ಟ. ಪ್ರತಿಯೊಬ್ಬನೂ ಒಂಟಿ, ಕಾಡಿನ ಬೇರೆ ಬೇರೆ ಕಡೆ ಇಟ್ಟ ನಾಲ್ಕು ಬಣ್ಣದ ಬಾವುಟಗಳನ್ನು ಮೈಗೆ ಬಣ್ಣ ತಾಗಿಸಿಕೊಳ್ಳದೆ ತರಬೇಕು. ಗೆದ್ದವನ ಹೆಸರು ರಿಚ್ಚಿ ವೈಟ್, ಕಸುಬಿನಿಂದ ಅರಣ್ಯದವನು. ಆಟ ಮುಗಿಯುವವರೆಗೆ ಅವನು ಒಂದು ಗುಂಡೂ ಹಾರಿಸಿರಲಿಲ್ಲ. ಅವನನ್ನು ಯಾರೂ ಕಂಡಿರಲೂ ಇಲ್ಲ.

ಅವರ ಕೈಯಲ್ಲಿದ್ದ ನೆಲ್‌ಸ್ಪಾಟ್ 007 ಪಿಸ್ತೂಲು ಕೃಷಿ ಸಾಮಗ್ರಿಯ ಕ್ಯಾಟಲಾಗಿನಲ್ಲಿ ಸಿಕ್ಕದ್ದು. ಕಡಿಯಬೇಕಾದ ಮರಕ್ಕೆ, ಹಿಂಡಿನಿಂದ ಬೇರೆ ಮಾಡಬೇಕಾದ ದನಕ್ಕೆ ದೂರದಿಂದಲೇ ಗುರುತು ಹಾಕಲು ಮಾಡಿದ ಸಾಧನ ಅದು. ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಕೈಯಾರೆ ಬಣ್ಣ ಬಳಿಯುವ ನಮ್ಮ ಮಂದಿಗೆ ಇದು ಸೋಮಾರಿಗಳ ಉಪಾಯ ಅನ್ನಿಸೀತು. ಪೇಂಟ್‌ಬಾಲ್ ಹುಟ್ಟಿದ್ದು ಮಾತ್ರ ಹೀಗೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಹುಡುಗರು ಈ ಆಟ ಆಡುವುದು ಹೆಚ್ಚಾಗಿ ಬೆಂಗಳೂರಿಗೆ ನೌಕರಿಗೆ ಹೋದ ಮೇಲೆ. ಕಂಪನಿಯವರು ವರ್ಷಕ್ಕೊಮ್ಮೆ ರಾಮನಗರದ ಕಡೆಯದೋ ಕೊಡಗಿನದೋ ರೆಸಾರ್ಟಿಗೆ ಕರೆದೊಯ್ದು, ಮಾಸ್ಕ್ ತೊಡಿಸಿ, ತಲೆಗೆ 30ರಿಂದ 50 ಗುಂಡು ಕೊಟ್ಟು ಮೈದಾನಕ್ಕೆ ಬಿಡುತ್ತಾರೆ. ಐದು ನಿಮಿಷದಲ್ಲಿ ಗುಂಡು ಖಾಲಿ. ಸುಸ್ತಾಗಿ ಡ್ರಮ್ಮಿನ ಹಿಂದೆ ಕೂತವರಿಗೆ ಎದುರಾಳಿಯ ಮುಖ ಸಹ ಕಂಡಿರುವುದಿಲ್ಲ. ಬಂದೂಕು ಕೈಗೆ ಬಂದ ಕೂಡಲೇ ಕಾಲು ಮರೆತುಹೋಗುತ್ತದೆ. ಈ ಆಟದಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದೇ. ಚಿಕ್ಕಂದಿನಿಂದ ಖೋಖೋ, ಲಗೋರಿ ಆಡಿದ, ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ಓಡಿದ ಹುಡುಗ ಪೇಟೆಯ ಸಹೋದ್ಯೋಗಿಯನ್ನು ನೋಡಿ ತಾನೂ ಕೂತಲ್ಲೇ ಕೂತು ಬಂದೂಕು ಒತ್ತುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಕಾಲಿನ ಮಹತ್ವ ತಿಳಿಯಲು ಅಮೆರಿಕದವರೆಗೆ ಹೋಗಬೇಕಿಲ್ಲ, ಮುದ್ದೇಬಿಹಾಳ ಸೀಮೆಯ ಕೃಷ್ಣೆಯ ದಂಡೆ ಸಾಕು. 1565ರ ಜನವರಿಯಲ್ಲಿ ವಿಜಯನಗರಕ್ಕೂ ದಖನ್ನಿನ ಸುಲ್ತಾನರಿಗೂ ನಡೆದ ಕಾಳಗವನ್ನು ನಾವು ರಕ್ಕಸಗಿ–ತಂಗಡಗಿ ಕದನ ಎನ್ನುತ್ತೇವೆ, ಶಾಲೆಯ ಪುಸ್ತಕ ತಾಳೀಕೋಟೆ ಕದನ ಎನ್ನುತ್ತದೆ. ತಾಳೀಕೋಟೆ ಇರುವುದು ಡೋಣಿ ನದಿಯ ಮೇಲೆ. ಸುಲ್ತಾನರ ದಂಡು ಕೂಡಿದ್ದು ಅಲ್ಲಿ, ಕಾದಾಟ ಆದದ್ದು ದೂರ ದಕ್ಷಿಣಕ್ಕೆ. ನಿಜವಾದ ರಣರಂಗ ಯಾವುದೆಂಬ ವಿದ್ವಾಂಸರ ಜಗಳಕ್ಕೆ ನಾನು ಕೈ ಹಾಕುವುದಿಲ್ಲ. ನನಗೆ ಬೇಕಾದದ್ದು ಕದನಕ್ಕೆ ಮೊದಲು ನಡೆದ ಹೊಳೆ ದಾಟುವ ಆಟ. ಅದನ್ನು ಬರೆದಿಟ್ಟವನು ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ನಮ್ಮ ವಿಜಯಪುರದಲ್ಲೇ ಇದ್ದ ಫರಿಷ್ತಾ. ಸುಲ್ತಾನರ ಪಕ್ಷದವನು, ಅದನ್ನು ನೆನಪಿಟ್ಟುಕೊಂಡೇ ಓದಬೇಕು.

ಅವನು ಹೇಳುವಂತೆ ದಂಡು ಸುಲಭವಾಗಿ ಹಾಯಬಹುದಾದ ಜಾಗವನ್ನು ವಿಜಯನಗರದವರು ಮೊದಲೇ ಹಿಡಿದು, ಆಚೆ ದಡದಲ್ಲಿ ಅಡ್ಡಗೋಡೆ ಎಬ್ಬಿಸಿ ತೋಪು ಹೂಡಿದ್ದರು. ಎದುರಿನಿಂದ ನುಗ್ಗಿದರೆ ಸಾವು. ಸುಲ್ತಾನರು ಬೇರೆ ಜಾಗ ಹುಡುಕುವವರಂತೆ ದಂಡೆಗುಂಟ ದಂಡು ನಡೆಸಿದರು. ವಿಜಯನಗರದವರೂ ಕಾವಲು ಬಿಟ್ಟು ಆಚೆ ದಡದಲ್ಲಿ ಜೊತೆಜೊತೆಗೇ ನಡೆದರು. ಹೀಗೆ ಮೂರು ದಿನ. ಆಮೇಲೆ ರಾತ್ರೋರಾತ್ರಿ ಸುಲ್ತಾನರ ದಂಡು ಹಿಂದಕ್ಕೆ ತಿರುಗಿ, ಓಡೋಡಿ ಬಂದು, ಕಾವಲಿಲ್ಲದ ಅದೇ ಜಾಗದಲ್ಲಿ ಹೊಳೆ ದಾಟಿತು. ವಿಜಯಪುರಕ್ಕೆ ಬಂದವರೆಲ್ಲ ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತಂಗಡಗಿಗೆ ಹೋಗುವವರು ನೀಲಾಂಬಿಕೆಯ ಐಕ್ಯಸ್ಥಳ ನೋಡಿ, ಕೂಡಲಸಂಗಮದ ಕಡೆ ಕೈಮುಗಿದು ಬರುತ್ತಾರೆ. ಈ ಹೊಳೆಯಲ್ಲಿ ಒಮ್ಮೆ ಕಾಲಿನಿಂದ ಗೆದ್ದವರಿದ್ದರು ಎಂಬುದು ಯಾರಿಗೂ ನೆನಪಾಗುವುದಿಲ್ಲ.

ಹೊಳೆ ದಾಟಿದ ಈ ಉಪಾಯವನ್ನೇ ಪೇಂಟ್‌ಬಾಲಿನ ಆರು ಮಂದಿಯ ತಂಡಕ್ಕೆ ಇಳಿಸಿ ನೋಡಿ. ಇಬ್ಬರು ಎಡಕ್ಕೆ ಗದ್ದಲ ಮಾಡುತ್ತ, ಬೇಕೆಂದೇ ತಲೆ ತೋರಿಸುತ್ತ, ನಾಲ್ಕಾರು ಗುಂಡು ಚೆಲ್ಲುತ್ತ ಹೋಗಲಿ. ಒಬ್ಬ ನಡುವೆ ನಿಂತು ನೋಡಲಿ. ಉಳಿದ ಮೂವರು ಸದ್ದಿಲ್ಲದೆ ಬಲದ ಅಂಚಿನಿಂದ ಸುತ್ತು ಹೊಡೆಯಲಿ. ಎದುರಾಳಿಯ ಟೈರಿನ ರಾಶಿ ಅವನನ್ನು ಎದುರಿನಿಂದ ಮಾತ್ರ ಕಾಯುತ್ತದೆ. ಪಕ್ಕದಿಂದ ನೋಡುವವನಿಗೆ ಅವನ ಮೈ ಪೂರ್ತಿ ಬಯಲು. ಒಬ್ಬನನ್ನು ಎರಡು ಕಡೆಯಿಂದ ಹಿಡಿದರೆ ಗುರಿ ಅಷ್ಟೇನೂ ಚೆನ್ನಾಗಿರಬೇಕಿಲ್ಲ. ಗೆಳೆಯ ಮರೆಯಿಂದ ಮರೆಗೆ ಓಡುವಾಗ ನೀವು ಹೊಡೆಯಬೇಕಾದದ್ದು ಎದುರಾಳಿ ತಲೆ ಹಾಕುವ ಅಂಚಿಗೆ, ಸೆಕೆಂಡಿಗೊಂದರಂತೆ. ಅವನು ತಲೆ ಒಳಗಿಟ್ಟುಕೊಂಡಷ್ಟು ಹೊತ್ತು ಸಾಕು. ಮೂರು ನಾಲ್ಕು ಗುಂಡಿನ ಖರ್ಚಿನಲ್ಲಿ ಒಬ್ಬ ಹತ್ತು ಹೆಜ್ಜೆ ಮುಂದೆ ಹೋದಂತಾಯಿತು.

ಆ ಕದನದಲ್ಲೇ ಇನ್ನೊಂದು ಸಂಗತಿ ಇದೆ. ವಿಜಯನಗರದ ದಂಡು ನಡೆಸುತ್ತಿದ್ದ ವಯಸ್ಸಾದ ರಾಮರಾಯ ಪಲ್ಲಕ್ಕಿಯಲ್ಲಿದ್ದ. ಆನೆಯೊಂದು ನುಗ್ಗಿದಾಗ ಹೊತ್ತವರು ಪಲ್ಲಕ್ಕಿ ಇಳಿಸಿ ಓಡಿದರು, ಅವನು ಸೆರೆಸಿಕ್ಕ. ಅವನ ತಲೆ ಉರುಳಿದ ಮೇಲೆ ಅಷ್ಟು ದೊಡ್ಡ ದಂಡು ಚೆಲ್ಲಾಪಿಲ್ಲಿಯಾಯಿತು. ಕಂಪನಿ ತಂಡಗಳಲ್ಲಿ ಮ್ಯಾನೇಜರನ್ನೇ ನಾಯಕನನ್ನಾಗಿ ಮಾಡಿ, ಅವನು ಹೇಳುವವರೆಗೆ ಅಲುಗಾಡದೆ ಕೂತಿರುವುದು ಈಗಲೂ ನಡೆದೇ ಇದೆ. ಅವನು ಮೊದಲ ನಿಮಿಷದಲ್ಲೇ ಔಟಾದರೆ? ಯಾರು ಎಲ್ಲಿ ಹೋಗಬೇಕೆಂಬುದು ಸೀಟಿ ಊದುವ ಮೊದಲೇ ಎಲ್ಲರಿಗೂ ಗೊತ್ತಿರಬೇಕು.

ಕಾಲಿನ ಜೊತೆ ಬಾಯಿಯೂ ಬೇಕು. ಮಾಸ್ಕ್ ಹಾಕಿಕೊಂಡವರು ಯಾಕೋ ಮೌನವ್ರತಕ್ಕೆ ಕೂತವರಂತಾಗುತ್ತಾರೆ. ಆಟಕ್ಕೆ ಮೊದಲು ಮೈದಾನದ ಪ್ರತಿ ಮರೆಗೂ ಹೆಸರಿಡಿ: ಡ್ರಮ್ಮು, ಟೈರು, ಹಳೇ ಜೀಪು, ಬಣವಿ. ಆಮೇಲೆ ಬೊಬ್ಬೆ ಹಾಕಿ. “ಏ ತಮ್ಮಾ, ಬಣವಿ ಹಿಂದ ಇಬ್ರು ಅದಾರ!” “ಜೀಪಿನಿಂದ ಒಬ್ಬ ಎಡಕ್ಕ ಹೊಂಟಾನ, ನೋಡ್ಕೋ!” “ಅಣ್ಣಾ, ಒಬ್ಬ ಔಟಾದ, ಇನ್ನ ನಾಕ ಮಂದಿ!” ಎಲ್ಲಿ, ಎಷ್ಟು, ಯಾವ ಕಡೆ, ಇಷ್ಟಿದ್ದರೆ ಸಾಕು. ಎದುರಾಳಿ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ತನ್ನನ್ನು ಕಂಡುಬಿಟ್ಟಿದ್ದಾರೆಂದು ತಿಳಿದವನು ಅರ್ಧ ಹೆದರಿರುತ್ತಾನೆ. ನಮ್ಮ ಕಡೆಯ ಮಾತನ್ನು ಬೆಂಗಳೂರಿನ ತಂಡ ಪೂರಾ ಹಿಡಿಯುವುದೂ ಕಷ್ಟ, ಅದು ನಮಗೆ ಸಿಕ್ಕ ಪುಕ್ಕಟೆ ಲಾಭ.

ಇನ್ನು ಗುರಿಯ ಮಾತು. ಗುಂಡು ಸುಮಾರು 17 ಮಿಲಿಮೀಟರ್ ದಪ್ಪ, ತೂಕ ಮೂರು ಗ್ರಾಂ ಚಿಲ್ಲರೆ, ಜೆಲಾಟಿನ್ ಸಿಪ್ಪೆಯೊಳಗೆ ನೀರಲ್ಲಿ ತೊಳೆದುಹೋಗುವ ಬಣ್ಣ. ಸಾಮಾನ್ಯವಾಗಿ ಸೆಕೆಂಡಿಗೆ 280 ಅಡಿ, ಅಂದರೆ 85 ಮೀಟರ್ ವೇಗಕ್ಕೆ ಮಾರ್ಕರ್ ಎನ್ನುವ ಈ ಆಟದ ಬಂದೂಕನ್ನು ಹೊಂದಿಸಿರುತ್ತಾರೆ. ಹಗುರ ಗುಂಡಾದ್ದರಿಂದ ಗಾಳಿ ಅದನ್ನು ಬೇಗ ತಡೆಯುತ್ತದೆ. 30 ಮೀಟರ್ ದೂರ ತಲುಪಲು ಹೆಚ್ಚುಕಡಿಮೆ ಅರ್ಧ ಸೆಕೆಂಡು ಬೇಕು, ಅಷ್ಟರಲ್ಲಿ ವೇಗವೂ ಅರ್ಧದಷ್ಟು ಕಳೆದಿರುತ್ತದೆ. ಓಡುವವನು ಆ ಅರ್ಧ ಸೆಕೆಂಡಿನಲ್ಲಿ ಎರಡೂವರೆ ಮೀಟರ್ ದಾಟಿರುತ್ತಾನೆ. ಅವನ ಎದೆಗೆ ಗುರಿಯಿಟ್ಟರೆ ಹೊಡೆತ ಅವನ ಬೆನ್ನ ಹಿಂದಿನ ಗಾಳಿಗೆ; ಅವನು ಬರುವ ಜಾಗಕ್ಕೆ ಹೊಡೆಯಬೇಕು, ಸ್ವಲ್ಪ ಮೇಲೆತ್ತಿ. ದೂರದ ಗುಂಡು ಸಡಿಲ ಅಂಗಿಗೆ ಬಡಿದು ಒಡೆಯದೆ ಬೀಳುವುದೂ ಉಂಟು, ಒಡೆಯದ್ದು ಲೆಕ್ಕಕ್ಕಿಲ್ಲ. ಅದಕ್ಕೇ ಹೇಳುವುದು, 15 ಮೀಟರಿಗೆ ಬರುವವರೆಗೆ ಬೆರಳು ತಡೆದುಕೊಳ್ಳಿ. ಮರೆಯಿಂದ ಇಣುಕುವಾಗ ಮೇಲಿನಿಂದ ಬೇಡ, ಪಕ್ಕದಿಂದ. ಒಂದೇ ಎತ್ತರದಲ್ಲಿ ಎರಡನೇ ಸಲ ಬೇಡವೇ ಬೇಡ. ಎಡ ಅಂಚಿನಿಂದ ಹೊಡೆಯುವಾಗ ಬಂದೂಕು ಎಡಗೈಗೆ ಬದಲಾಯಿಸಿದರೆ ಮೈ ಒಳಗೇ ಉಳಿಯುತ್ತದೆ. ಇದು ಮನೆಯಲ್ಲಿ ಬಾಗಿಲ ಚೌಕಟ್ಟಿನ ಹಿಂದೆ ನಿಂತು ಕಲಿಯಬಹುದಾದ ವಿದ್ಯೆ, ಕಾಸು ಖರ್ಚಿಲ್ಲ.

ಸಿನಿಮಾ ನೋಡಿ ಬಂದವರು ಗಿಡಗಂಟಿ ಬರೀ ಕಣ್ಣಿಗೆ ಮರೆ, ಗುಂಡಿಗಲ್ಲ ಎಂದುಕೊಳ್ಳುತ್ತಾರೆ. ಈ ಆಟದಲ್ಲಿ ಹಾಗಲ್ಲ. ಎಲೆ, ಕಡ್ಡಿಗೆ ತಾಗಿದರೂ ಗುಂಡು ಅಲ್ಲೇ ಒಡೆಯುತ್ತದೆ. ಸಿಂದಗಿ ಕಡೆಯ ಆಳೆತ್ತರದ ತೊಗರಿ ಸಾಲು ಇದ್ದರೆ ಅದು ನಿಜವಾದ ಕೋಟೆ. ತೊಗರಿ ಹೊಲದಲ್ಲೇ ಆಡಹೋದರೆ ಮಾತ್ರ ರೆಫ್ರಿಗಿಂತ ಮೊದಲು ಹೊಲದ ಒಡೆಯನೇ ನಿಮ್ಮನ್ನು ಔಟ್ ಮಾಡುತ್ತಾನೆ! ಊರ ಕಡೆ ಯಾರಾದರೂ ಮೈದಾನ ಮಾಡುವ ಮನಸ್ಸಿದ್ದರೆ ಎರೆಭೂಮಿ ಬಿಟ್ಟು ಗರಸಿನ ದಿಬ್ಬ ನೋಡಲಿ. ಎರೆಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಬೂಟಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ಗುಂಡಿಗೂ ಆಗದು: ಸಿಪ್ಪೆ ಮೆತ್ತಗಾಗಿ ನಳಿಕೆಯಲ್ಲೇ ಒಡೆಯುತ್ತದೆ, ಆಮೇಲಿನ ಗುಂಡುಗಳೆಲ್ಲ ಸೊಟ್ಟ ಹೋಗುತ್ತವೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಮಾರ್ಕರ್ ಆದರೆ ಸೆಕೆಗೆ ಒತ್ತಡ ಏರಿ ವೇಗವೂ ಏರುತ್ತದೆ, ಹೊತ್ತು ಏರಿದಂತೆ ಮತ್ತೆ ಅಳೆಯಬೇಕು. ಬೆವರಿಗೆ ಮಾಸ್ಕಿನ ಗಾಜು ಮಸುಕಾದರೆ ಕೈ ಎತ್ತಿ ಮೈದಾನದ ಹೊರಗೆ ಬನ್ನಿ. ಒಳಗೆ ಮಾಸ್ಕ್ ಎತ್ತುವವನ ಜೊತೆ ನಾನು ಆಡುವುದಿಲ್ಲ. ಕಣ್ಣಿಗೆ ಬಿದ್ದ ಗುಂಡಿಗೆ ಮದ್ದಿಲ್ಲ.

ಕೊನೆಗೆ ನೀವೊಬ್ಬರು, ಅವನೊಬ್ಬ ಉಳಿದಿರಿ ಅನ್ನಿ. ಈಗ ಗುಂಡು ಉಳಿಸಿಕೊಂಡವನ ಕಾಲ. ಕಿವಿಗೊಡಿ. ಬಾಡಿಗೆ ಮಾರ್ಕರಿನ ಮೇಲಿನ ಹಾಪರ್, ಅಂದರೆ ಗುಂಡಿನ ಡಬ್ಬಿ, ಖಾಲಿಯಾಗುತ್ತ ಬಂದರೆ ಒಳಗಿನ ನಾಲ್ಕು ಗುಂಡು ಗಲಗಲ ಸದ್ದು ಮಾಡುತ್ತವೆ, ಆಡುವವನು ಅದನ್ನು ಅಲುಗಾಡಿಸಿಯೇ ಗುಂಡು ಕೆಳಗಿಳಿಸಬೇಕು. ಆ ಸದ್ದು ಬಂತೆಂದರೆ ಒಂದು ಗುಂಡು ಅವನ ಮರೆಯ ಅಂಚಿಗೆ ಹೊಡೆಯಿರಿ. ಗಾಬರಿಯಲ್ಲಿ ಅವನು ಎರಡು ತಿರುಗಿ ಹೊಡೆಯುತ್ತಾನೆ. ಇನ್ನೊಂದು ಹೊಡೆಯಿರಿ. ಬರೀ ಗಾಳಿಯ ಫಟ್ ಸದ್ದು ಕೇಳಿದ ಕೂಡಲೇ ಎದ್ದು, ನೇರ ಅವನ ಕಡೆಗಲ್ಲ, ಅವನ ಬಲ ಪಕ್ಕಕ್ಕೆ ಓಡಿ. ಹತ್ತಿರ ಹೋದ ಮೇಲೆ ಹೊಡೆಯುವುದು ಬೇಡ, ನಾಲ್ಕು ಹೆಜ್ಜೆ ದೂರದಿಂದ ಬಿದ್ದ ಗುಂಡು ಬಾಸುಂಡೆ ಎಬ್ಬಿಸುತ್ತದೆ. “ಮುಗೀತೋ ತಮ್ಮಾ, ಕೈ ಎತ್ತು” ಅಂದರೆ ಎತ್ತುತ್ತಾನೆ.