ಮಾತಿನಲ್ಲಿ ಕಟ್ಟಿದ ನಾಟಕ

ಕನ್ನಡದ ಹೊಸ ನಾಟಕಗಳಲ್ಲಿ ಗಟ್ಟಿಯಾಗಿ ನಿಂತವು ಒಂಟಿ ಲೇಖಕನ ಸೃಷ್ಟಿಗಿಂತ ಹೆಚ್ಚಾಗಿ ಸಂಭಾಷಣೆಯ ಫಲ ಎಂದು ನನಗನ್ನಿಸುತ್ತದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದ ಹಿಂದಿರುವುದು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳು. ಯಾವ ಹೆಂಗಸು ಹೇಳಿದ್ದೋ, ರಾಮಾನುಜನ್ ಅವರ ಕಿವಿಗೆ ಬಿದ್ದು, ಅಲ್ಲಿಂದ ರಂಗಕ್ಕೆ ಬಂದವು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯದು ಇನ್ನೂ ಸೊಗಸು. ಉತ್ತರ ಕರ್ನಾಟಕದ ಬಯಲಾಟದ ಮೇಳ, ಹಾಡು, ಹಾಸ್ಯಗಳೆಲ್ಲ ಅಲ್ಲಿವೆ. ಆದರೆ 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಅದು ಮೈದುಂಬಿಕೊಂಡಿದ್ದು ಬಿ.ವಿ. ಕಾರಂತರ ನಿರ್ದೇಶನದಲ್ಲಿ. ಹಾಡಿನ ಲಯ ಎಲ್ಲಿ ಮಾತನ್ನು ತಡೆಯಬೇಕು, ಮೇಳ ಎಲ್ಲಿ ಕಥೆಗೆ ಕೈಹಾಕಬೇಕು ಎಂಬುದು ಕಾಗದದ ಮೇಲಷ್ಟೇ ತೀರ್ಮಾನವಾಗುವ ಸಂಗತಿಯಲ್ಲ. ನಟರ ಉಸಿರು, ಕಾಲ್ನಡೆ ಅದನ್ನು ತಿದ್ದುತ್ತವೆ.

ಹಾಗಾದರೆ ಲೇಖಕನ ಒಂಟಿ ದನಿಗೆ ಬೆಲೆಯಿಲ್ಲವೇ? ಸಮಿತಿ ಕೂತು ಬರೆದ ನಾಟಕ ಸಪ್ಪೆಯಾಗುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಕಾರ್ನಾಡರದೇ 1964ರ ‘ತುಘಲಕ್’ನ ಬಿಗಿಯಾದ ಒಳಗಟ್ಟು ಒಬ್ಬನದೇ ಹಟದಿಂದ ಬಂದದ್ದು. ಆದರೆ ಕಾರ್ನಾಡರಾಗಲಿ ಕಂಬಾರರಾಗಲಿ ಕೇಳಿದ್ದನ್ನೆಲ್ಲ ಒಪ್ಪಲಿಲ್ಲ, ಬೇಕಾದ್ದನ್ನು ಆರಿಸಿಕೊಂಡರು. ಆ ಆಯ್ಕೆಯಲ್ಲೇ ಅವರ ದನಿ ಇದೆ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ‘ತಿರುಗಾಟ’ ತಂಡ 1985ರಿಂದ ನಾಟಕಗಳನ್ನು ಊರೂರಿಗೆ ಒಯ್ಯುತ್ತಿರುವಾಗ, ಈ ಸಂಭಾಷಣೆಗೆ ಪ್ರೇಕ್ಷಕರೂ ಸೇರಿಕೊಂಡಿದ್ದಾರೆ. ಪಟ್ಟಣದಲ್ಲಿ ನಕ್ಕ ಕಡೆ ಹಳ್ಳಿ ಸುಮ್ಮನಿದ್ದರೆ, ಆ ಮೌನವನ್ನು ನಾಟಕಕಾರ ಓದಿಕೊಳ್ಳಲೇಬೇಕು.