ತೆರಿಗೆಯ ಉರುಳು, ಗುಟ್ಟಿನ ಮೈಕು

ಕಳ್ಳನನ್ನು ಹಿಡಿದು ಅವನಿಂದಲೇ ಗುಂಪನ್ನೆಲ್ಲ ಹಿಡಿಸುವುದು ತನಿಖೆಯವರ ಹಳೆಯ ವರಸೆ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಭ್ರಷ್ಟಾಚಾರ ಪ್ರಕರಣದಲ್ಲಿ ಅಮೆರಿಕದ ಅಧಿಕಾರಿಗಳು ಚಕ್ ಬ್ಲೇಜರ್ ಮೇಲೆ ಇದನ್ನು ಪ್ರಯೋಗಿಸಿದ ರೀತಿಯನ್ನು ಬಹುಪಾಲು ಮೆಚ್ಚುತ್ತೇನೆ. ಅದು ಮುಗಿದ ರೀತಿಯನ್ನು ಒಪ್ಪಲಾರೆ.

ಉತ್ತರ, ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ದೇಶಗಳ ಫುಟ್‌ಬಾಲ್ ಒಕ್ಕೂಟ ಕಾನ್‌ಕಾಕಾಫ್‌ಗೆ ಬ್ಲೇಜರ್ 1990ರಿಂದ 2011ರವರೆಗೆ ಪ್ರಧಾನ ಕಾರ್ಯದರ್ಶಿ. ಪ್ರಸಾರ ಹಕ್ಕು, ಪ್ರಾಯೋಜಕತ್ವದ ಹಣದಲ್ಲಿ ಶೇ 10 ಕಮಿಷನ್, ನ್ಯೂಯಾರ್ಕಿನ ಟ್ರಂಪ್ ಟವರ್‌ನಲ್ಲಿ ವಾಸ. ಆದರೂ ವರ್ಷಗಟ್ಟಲೆ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿರಲಿಲ್ಲ. ತೆರಿಗೆ ಇಲಾಖೆಯ ತನಿಖಾಧಿಕಾರಿ ಸ್ಟೀವ್ ಬೆರಿಮನ್ ಹಿಡಿದದ್ದು ಈ ಎಳೆಯನ್ನೇ. 2011ರ ಕೊನೆಯಲ್ಲಿ ಅವರು ಎಫ್‌ಬಿಐನವರ ಜೊತೆ ಎದುರು ನಿಂತಾಗ ಬ್ಲೇಜರ್‌ಗೆ ಉಳಿದದ್ದು ಎರಡೇ ದಾರಿ: ಮೊಕದ್ದಮೆ ಎದುರಿಸುವುದು, ಇಲ್ಲವೇ ಬಾತ್ಮೀದಾರನಾಗುವುದು.

ಇದು ಬಲವಂತವೇ, ಸಂಶಯವಿಲ್ಲ. ಆದರೆ ಲಂಚವನ್ನು ರುಜುವಾತು ಮಾಡಲು ಸಾಮಾನ್ಯವಾಗಿ ಕೊಟ್ಟವನೋ ಪಡೆದವನೋ ಬಾಯಿಬಿಡಬೇಕು. ಸಲ್ಲಿಸದ ರಿಟರ್ನ್ಸ್‌ಗೆ ಇಲಾಖೆಯ ಕಡತವೇ ಸಾಕ್ಷಿ. ಅಮಾಯಕ ಸಿಕ್ಕಿಬೀಳುವ ಭಯ ಇಲ್ಲಿ ಕಡಿಮೆ. ಮೇಲಾಗಿ ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳುವ ತಾಕತ್ತು ಬ್ಲೇಜರ್‌ಗಿತ್ತು. ಗಾಂಜಾ ಪೊಟ್ಟಣದ ಜೊತೆ ಸಿಕ್ಕಿಬಿದ್ದ ಬಡ ಹುಡುಗನನ್ನು, ವಕೀಲನೂ ಇಲ್ಲದ ಹೊತ್ತಿನಲ್ಲಿ, ಹೀಗೆಯೇ ಹೆದರಿಸಿ ಬಾತ್ಮೀದಾರನನ್ನಾಗಿ ಮಾಡಿದರೆ ಅದು ಶುದ್ಧ ಅನ್ಯಾಯ.

2012ರ ಲಂಡನ್ ಒಲಿಂಪಿಕ್ಸ್ ವೇಳೆ ಬ್ಲೇಜರ್ ಕೀಚೈನ್‌ನಲ್ಲಿ ಮೈಕ್ ಅಡಗಿಸಿಟ್ಟುಕೊಂಡು ಹಳೆಯ ಗೆಳೆಯರನ್ನು ಮಾತಿಗೆಳೆದ ಸಂಗತಿ ಎಲ್ಲರ ಬಾಯಲ್ಲೂ ಇದೆ. ನನಗೆ ಅದಕ್ಕಿಂತ ಬ್ಯಾಂಕ್ ದಾಖಲೆಗಳೇ ಮುಖ್ಯ. ಜೈಲಿಗೆ ಹೆದರಿದವನು ಅಧಿಕಾರಿಗಳಿಗೆ ಹಿತವಾದದ್ದನ್ನೇ ಹೇಳಬಹುದು; ಅವನ ಒಂದೊಂದು ಮಾತನ್ನೂ ಹಣ ಹರಿದ ಜಾಡಿಗೆ ಹಚ್ಚಿ ನೋಡಬೇಕು. ಈ ಪ್ರಕರಣ ಕುರಿತ ಕೆನ್ ಬೆನ್ಸಿಂಗರ್ ಅವರ ‘ರೆಡ್ ಕಾರ್ಡ್’ (2018) ಪುಸ್ತಕದ ಹೆಚ್ಚುಗಾರಿಕೆಯೂ ಇಲ್ಲಿದೆ: ಬ್ಲೇಜರ್‌ನ ಷೋಕಿ ಎಷ್ಟೇ ಕಣ್ಣು ಕುಕ್ಕಿದರೂ, ಬೆರಿಮನ್ ಅವರ ತಾಳ್ಮೆಯ ಕೆಲಸವನ್ನು ಅದು ಮರೆಯುವುದಿಲ್ಲ.

2013ರ ನವೆಂಬರ್‌ನಲ್ಲಿ ಬ್ಲೇಜರ್ ಬ್ರೂಕ್ಲಿನ್ ನ್ಯಾಯಾಲಯದಲ್ಲಿ 10 ಆರೋಪಗಳಲ್ಲಿ ತಪ್ಪೊಪ್ಪಿಕೊಂಡ. 19 ಲಕ್ಷ ಡಾಲರ್‌ಗೂ ಹೆಚ್ಚು ಹಣ ಬಿಟ್ಟುಕೊಟ್ಟ. 2015ರ ಮೇ 27ರಂದು ಜ್ಯೂರಿಚ್‌ನ ಹೋಟೆಲಿನಲ್ಲಿ ಫುಟ್‌ಬಾಲ್ ಪದಾಧಿಕಾರಿಗಳ ಬಂಧನವಾಯಿತು. ವಾರ ಕಳೆಯುವುದರೊಳಗೆ ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್ ಹುದ್ದೆ ಬಿಡುವುದಾಗಿ ಹೇಳಬೇಕಾಯಿತು. ಫಲದ ದೃಷ್ಟಿಯಿಂದ ಈ ಪದ್ಧತಿ ಗೆದ್ದಿದೆ.

ನನ್ನ ತಕರಾರು ಮುಂದಿನದರ ಬಗ್ಗೆ. ಬ್ಲೇಜರ್‌ನ ತಪ್ಪೊಪ್ಪಿಗೆ 2015ರ ಮೇ ಕೊನೆಯವರೆಗೆ ಮುಚ್ಚಿದ ಲಕೋಟೆಯಲ್ಲಿತ್ತು. ಶಿಕ್ಷೆ ವಿಧಿಸುವುದು ಬಾಕಿ ಇರುವಾಗಲೇ, 2017ರ ಜುಲೈನಲ್ಲಿ, ಬ್ಲೇಜರ್ ತೀರಿಕೊಂಡ. ಕಾಯಿಲೆ ಇತ್ತು ನಿಜ, ಆದರೆ ತಪ್ಪೊಪ್ಪಿಕೊಂಡು ಮೂರೂವರೆ ವರ್ಷ ಕಳೆದಿತ್ತು. ನಮ್ಮಲ್ಲಿ ಮಾಫಿ ಸಾಕ್ಷಿಗೆ ಕ್ಷಮೆ ನೀಡುವ ಮ್ಯಾಜಿಸ್ಟ್ರೇಟ್ ಅದರ ಕಾರಣವನ್ನು ಬರೆದಿಡಲೇಬೇಕು. ಕೇಳಿದರೆ ಆರೋಪಿಗೂ ಅದರ ಪ್ರತಿ ಸಿಗುತ್ತದೆ. ಬಾತ್ಮೀದಾರನ ನೆರವಿಗೆ ಎಷ್ಟು ರಿಯಾಯಿತಿ, ಏಕೆ ಎಂಬುದನ್ನು ಬ್ರೂಕ್ಲಿನ್ ನ್ಯಾಯಾಲಯವೂ ಬಹಿರಂಗವಾಗಿ ಹೇಳಬೇಕಿತ್ತು. ಬ್ಲೇಜರ್ ತಿಂದದ್ದು ಕೆರಿಬಿಯನ್ ದ್ವೀಪಗಳ ಆಟಗಾರರಿಗೂ ಸೇರಬೇಕಾಗಿದ್ದ ಹಣ. ಆ ತೀರ್ಪು ಅವರಿಗೆ ಸಿಗಲೇ ಇಲ್ಲ.